ಹಂಡೆಯ ಮುಚ್ಚಳ

ಮುಚ್ಚಳ ಬಿದ್ದಿತು, ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಹೆಂಗಸಿನ ಬುತ್ತಿಡಬ್ಬಿಯ ಸ್ಟೀಲು ಮುಚ್ಚಳ, ದವಾಖಾನೆಯ ಫರ್ಶಿಯ ಮೇಲೆ ಅಂಚು ಊರಿ ಗಿರ್ರನೆ ತಿರುಗತೊಡಗಿತು, ಮೊದಲು ಅಗಲವಾಗಿ, ಬಳಿಕ ಕುಗ್ಗಿ ಕುಗ್ಗಿ, ಸದ್ದು ಮಾತ್ರ ಏರುತ್ತ — ಉಮಾದೇವಿಯ ಬಲಗೈ ತಾನಾಗಿಯೇ ಸೆರಗಿನೊಳಗೆ ಸರಿದು ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಹುಡುಕಿತು, ಅದಕ್ಕೆ ಶಿವದಾರ ಬಿಗಿದ ಗಂಟನ್ನು ಹುಡುಕಿತು, ಇದೆ, ಗಂಟು ಇದೆ, ಕರಡಿಗೆ ಇದೆ, ಒಳಗೆ ಲಿಂಗ ಇದೆ, ಇದೆಯಲ್ಲವೆ, ಈಗ ಮುಟ್ಟಿದ್ದು ಗಂಟನ್ನೋ ಸೆರಗಿನ ಚುಂಗನ್ನೋ, ಇನ್ನೊಮ್ಮೆ, ಮೂರು ಸಲ ಮುಟ್ಟಿದರೆ ಸಾಕು, ಮೂರಾಯಿತು, ಆದರೆ ಮೂರನೆಯದರಲ್ಲಿ ಮನಸ್ಸು ಮುಚ್ಚಳದ ಕಡೆಗಿತ್ತು, ಅದು ಸಲ್ಲದು, ಮೊದಲಿನಿಂದ — ಅಷ್ಟರಲ್ಲಿ ಆ ಹೆಂಗಸು ಬಾಗಿ ಮುಚ್ಚಳದ ಮೇಲೆ ಅಂಗೈಯೂರಿದಳು, ಸದ್ದು ಥಟ್ಟನೆ ನಿಂತಿತು, ಅಷ್ಟು ಸುಲಭವೆ, ಒಂದು ಅಂಗೈ ಇಟ್ಟರೆ ನಿಂತುಬಿಡುತ್ತದೆಯೆ. ಅಂಜಿದ್ರೇನವಾ, ಎಂದಳು ಅವಳು, ನನ್ನ ಕೈಯಾಗ ಒಂದೂ ನಿಲ್ಲಂಗಿಲ್ಲ ನೋಡ್ರಿ, ನಾ ಕುಲ್ಸುಮ್ ಬೀ, ದುಬಲಗುಂಡಿ, ನೀವು ಯಾವೂರು? ಕಲ್ಯಾಣ, ಎಂದವಳು ಸೊಸೆ ಸರಿತಾ, ಅತ್ತೆಯ ಬಾಯಿಗೆ ಕಾಯದೆ. ಕಲ್ಯಾಣದವರು ಹುಮನಾಬಾದಿಗೆ ಯಾಕ ಬಂದ್ರಿ ಎಂದು ಕುಲ್ಸುಮ್ ಬೀ ಕೇಳಲಿಲ್ಲ, ಕೇಳಿದ್ದರೆ ಹೇಳುವುದೇನಿತ್ತು, ಅಲ್ಲಿ ಓಣಿ ಓಣಿಯೂ ಗುರುತಿನದು, ಇಲ್ಲಿ ಗುರುತಿಲ್ಲ, ಅಷ್ಟೆ.

ಹದಿನಾರು ತಿಂಗಳಾಯಿತು, ಶ್ರಾವಣ ಸೋಮವಾರ, ಬಚ್ಚಲಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹೊಯ್ದುಕೊಳ್ಳುವಾಗ ಟಣ್ ಎಂದಿತು, ಕೈ ಎದೆಗೆ ಹೋಯಿತು, ಲಿಂಗ ಎದೆಯ ಮೇಲೆಯೇ ಇತ್ತು, ಕಣ್ತೆರೆದು ನೋಡಿದರೆ ಹಂಡೆಯ ತಾಮ್ರದ ಮುಚ್ಚಳ ಜಾರಿ ಕಲ್ಲಿನ ಮೇಲೆ ತಿರುಗುತ್ತಿತ್ತು, ಅಲ್ಲಿಗೆ ಮುಗಿಯಬೇಕಿತ್ತು, ನಗಬೇಕಿತ್ತು, ನಕ್ಕಳು ಕೂಡ, ಆದರೆ ಸೀರೆ ಉಡುವಾಗ ಬಂದಿತು ಆ ಎರಡನೆಯ ಯೋಚನೆ, ಬಿದ್ದದ್ದು ಲಿಂಗವೇ ಇದ್ದರೆ, ಬಿದ್ದದ್ದನ್ನು ತಾನೇ ಎತ್ತಿ ಕಟ್ಟಿಕೊಂಡು ಮರೆತಿದ್ದರೆ, ಹೀಗೂ ಆಗುವುದುಂಟೆ, ಇಲ್ಲ, ಇಲ್ಲವೆಂದು ಹೇಗೆ ಹೇಳುತ್ತೀ, ಕಣ್ಣು ಮುಚ್ಚಿತ್ತಲ್ಲ — ತವರೂರು ಮೋರಖಂಡಿಯಲ್ಲಿ ಅಜ್ಜಿ ಹೇಳುತ್ತಿದ್ದಳು, ನಮ್ಮ ದೊಡ್ಡವ್ವನ ಲಿಂಗ ಬಾವ್ಯಾಗ ಜಾರಿತ್ತವಾ, ಕೆಸರು ಸೋಸಿ ತೆಗೆಯೋತನಕ ಐದು ದಿನ ಹನಿ ನೀರು ಮುಟ್ಟಲಿಲ್ಲಾಕಿ. ಐದು ದಿನವಾದರೂ ಆ ಮುದುಕಿಗೆ ಗೊತ್ತಿತ್ತು, ಬಿದ್ದಿದೆ ಎಂದು ಗೊತ್ತಿತ್ತು, ಸಿಕ್ಕಿತು ಎಂದೂ ಗೊತ್ತಾಯಿತು, ಉಮಾದೇವಿಗೆ ಎರಡೂ ಗೊತ್ತಿಲ್ಲ, ಬೀಳದೆ ಬಿದ್ದದ್ದನ್ನು ಯಾವ ಬಾವಿಯಲ್ಲಿ ಸೋಸುವುದು. ಆದ್ದರಿಂದ ಗಂಟು ಬಿಚ್ಚಿ ಕಟ್ಟಿದಳು, ಕಟ್ಟಿದ್ದು ಸಡಿಲವೆನಿಸಿ ಮತ್ತೆ ಬಿಚ್ಚಿದಳು, ಕೈ ಶುದ್ಧವಿರಲಿಲ್ಲವೆಂದು ತೊಳೆದಳು, ಅರ್ಧ ಗಂಟೆಯ ಪೂಜೆ ಮೂರು ಗಂಟೆಗೆ ಬೆಳೆಯಿತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ರೆಪ್ಪೆ ಮುಚ್ಚದೆ ನೋಡುತ್ತ ಕೂರುವುದು, ಭಕ್ತಿಯಿಂದಲ್ಲ, ಕಾವಲಿಗೆ, ಕಾವಲುಗಾರನಿಗೆ ದೇವರು ಕಾಣುವುದುಂಟೆ. ಹೊರಗೆ ಪತಿ ಮಡೆಪ್ಪನವರು ಬಂದವರಿಗೆಲ್ಲ ಹೇಳುತ್ತಿದ್ದರು, ಸಾವಕಾಶ ಮಾತಾಡ್ರಿ, ನಮ್ಮಾಕಿ ಪೂಜಾಕ್ಕ ಕುಂತಾಳ, ಹನ್ನೊಂದರತನಕ ಏಳಂಗಿಲ್ಲ — ಆ ದನಿಯಲ್ಲಿದ್ದ ಹೆಮ್ಮೆ, ಒಳಗೆ ಕುಳಿತು ಕೇಳುವಾಗ ಮೊದಮೊದಲು ಹಿತವಾಗಿತ್ತಲ್ಲವೆ, ಸುಳ್ಳೇಕೆ, ಹಿತವಾಗಿತ್ತು. ಓಣಿಯ ಅಕ್ಕಂದಿರ ಬಳಗದ ಧೂಳಮ್ಮ ಬಂದು ಕಾಲು ಮುಟ್ಟಿದಳು, ಉಮಕ್ಕೋರ ನಿಷ್ಠಾ ನೋಡಿ ಕಲೀರವಾ, ಕೈ ಲಿಂಗ ಬಿಟ್ಟು ಸರಿಯಂಗಿಲ್ಲ. ಸರಿಯುವುದಿಲ್ಲ, ನಿಜ, ಎಂಟು ತಿಂಗಳ ಮೊಮ್ಮಗಳು ತೊಟ್ಟಿಲಲ್ಲಿ ಎರಡೂ ತೋಳು ಚಾಚಿ ಎತ್ತಿಕೋ ಎಂದು ಕೇಕೆ ಹಾಕುತ್ತದೆ, ಎತ್ತಲು ಎರಡು ಕೈ ಬೇಕು, ಇವಳಿಗಿರುವುದು ಒಂದೇ, ಇನ್ನೊಂದು ಗಂಟಿನದು, ಕೂಸಿನ ಕಾಲು ತಾಗಿ ದಾರ ಹರಿದರೆ, ಹರಿದು ಟಣ್ ಎಂದರೆ, ಹುಟ್ಟಿದಾಗಿನಿಂದ ಒಮ್ಮೆಯೂ ಎತ್ತಿಲ್ಲ, ಒಮ್ಮೆಯೂ, ಮತ್ತು ಜನ ಅದಕ್ಕೂ ಮಡಿಯೆಂದು ಹೆಸರಿಟ್ಟರು.

ಹೆಸರಿಟ್ಟವರಲ್ಲಿ ಸೇರದವಳು ಸರಿತಾ ಒಬ್ಬಳೇ, ಶಾಲೆಯಲ್ಲಿ ಕಲಿಸುವವಳು, ಬೆನ್ನಿಗೆ ನೀರು ಹಾಕಲು ಬಂದವಳು ಕೊರಳ ಸುತ್ತ ದಾರ ತಿಕ್ಕಿ ಕೆಂಪಾದ ಬರೆಯನ್ನೂ ಸೀಳಿದ ಬೆರಳುಗಳನ್ನೂ ಕಂಡು ತಂಬಿಗೆ ಕೆಳಗಿಟ್ಟಳು, ಅತ್ತೀ, ಇದು ಪೂಜಾ ಅಲ್ಲರಿ, ಬ್ಯಾನಿ, ಬ್ಯಾನಿಗಿ ಔಷಧ ಅದ. ಇಂದು ಇಲ್ಲಿಗೆ ಬರುವಾಗ, ಬಸ್ಸು ಸಸ್ತಾಪುರ ಬಂಗ್ಲಾ ದಾಟಿದಾಗ ಮತ್ತೆ ಹೇಳಿದ್ದಳು, ನಾ ಬಾಗಿಲತನಕ ಬರ್ತೀನಿ, ಒಳಗ ಹೇಳೋದು ನೀವೇ ಹೇಳಬೇಕ್ರಿ. ಎದುರಿನ ಗೋಡೆಯ ಫಲಕವನ್ನು ಉಮಾದೇವಿ ಎಷ್ಟನೆಯ ಸಲವೋ ಓದುತ್ತಾಳೆ, ಖಿನ್ನತೆ, ಆತಂಕ, ಗೀಳು, ಗೀಳು ಎಂಬುದರ ಕೆಳಗೆ ಬೀಗ ಹಾಕಿದೆಯೋ ಇಲ್ಲವೋ ಎಂದು ಪದೇ ಪದೇ ನೋಡುವುದು, ಗ್ಯಾಸು ಆರಿಸಿದೆಯೋ ಇಲ್ಲವೋ ಎಂದು ಪದೇ ಪದೇ ನೋಡುವುದು, ಕೈ ತೊಳೆದಷ್ಟೂ ಸಾಲದೆನ್ನಿಸುವುದು — ಬೀಗ, ಗ್ಯಾಸು, ಎಲ್ಲ ಇದೆ, ಲಿಂಗವಿಲ್ಲ, ಗುರು ಕೊಟ್ಟದ್ದನ್ನು ಬೀಗದ ಸಾಲಿಗೆ ಹೇಗೆ ಸೇರಿಸಲಿ, ರೋಗವೆಂದು ನುಡಿದರೆ ಲಿಂಗಕ್ಕೆ ದ್ರೋಹ, ನುಡಿಯದಿದ್ದರೆ ಈ ಬೆರಳುಗಳಿಗೆ ಬಿಡುಗಡೆಯಿಲ್ಲ, ಅತ್ತಲೂ ಗೋಡೆ ಇತ್ತಲೂ ಗೋಡೆ, ಮಧ್ಯೆ ಅಂಗೈಯಗಲದ ಜಾಗ, ಅದರಲ್ಲಿ ಹದಿನಾರು ತಿಂಗಳು. ಕುಲ್ಸುಮ್ ಬೀ ತನ್ನ ಪಾಡಿಗೆ ಹೇಳುತ್ತಿದ್ದಾಳೆ, ಬಸ್ಸು ಹತ್ತಿದ್ರ ಎದಿ ಧಡಧಡ ಅಂತಿತ್ತವಾ, ಈಗ ಸತ್ತೆ, ಇಲ್ಲೇ ಸತ್ತೆ ಅಂತ ಕಂಡಕ್ಟರನ ಕೈ ಹಿಡಕೊಂಡಿದ್ದೆ, ಅವ ಟಿಕೀಟು ಕೇಳಾಕತ್ತಾನ, ನಾ ಕಲ್ಮಾ ಓದಾಕತ್ತೀನಿ, ನಾಕು ತಿಂಗಳಾತು ಗೋಳಿ ನುಂಗಾಕತ್ತಿ, ಇವತ್ತ ಒಬ್ಬಾಕೇ ಬಂದೀನಿ. ಹಾಗಾದರೆ ಇವಳ ತೋಳಿನ ಆ ತಾಯಿತ, ಉಮಾದೇವಿಯ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಅವಳು ನಕ್ಕಳು, ಅದೂ ಅದ, ಗೋಳೀನೂ ಅದ, ಯಾವುದೂ ಬಿಚ್ಚಂತ ಡಾಕ್ಟರು ಹೇಳಿಲ್ಲ. ಹೇಳಿಲ್ಲವೆ, ಬಿಚ್ಚೆಂದು ಹೇಳುವುದಿಲ್ಲವೆ, ಕೇಳಬೇಕು, ಇನ್ನೊಮ್ಮೆ ಕೇಳಬೇಕು — ಶರಣು ಶರಣಾರ್ಥಿರಿ ಅಕ್ಕೋರ! ಆ ದನಿ, ಈ ಊರಲ್ಲಿ ಆ ದನಿ, ಧೂಳಮ್ಮ, ಕೈಯಲ್ಲಿ ಕಾಯಿಸಿದ ನೀರಿನ ಫ್ಲಾಸ್ಕು, ತಂಗಿ ಮಗಳು ದ್ರೌಪತಿ ಹಡದಾಳ್ರಿ ಮ್ಯಾಲಿನ ವಾರ್ಡಿನ್ಯಾಗ, ನೀವೇನ್ರಿ ಇಲ್ಲಿ? ಬಿ.ಪಿ., ಎಂದಿತು ಉಮಾದೇವಿಯ ನಾಲಿಗೆ, ಅವಳನ್ನು ಕೇಳದೆ, ಸರಿತಾ ತಲೆ ತಗ್ಗಿಸಿದಳು. ಬಿ.ಪಿ. ಆ ಕಡಿ ನೋಡ್ತಾರಲ್ರಿ, ಇದು ತಲಿ ಕೆಟ್ಟವರ ಪಾಳಿ ಅಲ್ಲೇನು? ಕುಲ್ಸುಮ್ ಬೀ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಒತ್ತಿದಳು, ಹೌದವಾ, ನೀನೂ ನಿಂತಿದಿಯಲ್ಲ, ಚೀಟಿ ತಗೋ. ಇಲ್ಲೂ ಮೊದಲ ಬಿ.ಪಿ. ಪಟ್ಟಿ ಕಟ್ಟೇ ಮಾತಾಡಸ್ತಾರ. ಧೂಳಮ್ಮ ನಕ್ಕಳು, ಹೋಗಲಿಲ್ಲ, ಇರ್ಲಿ ಅಕ್ಕೋರ, ನೀವು ತೋರಿಸಿ ಬರೋತನಕ ಇಲ್ಲೇ ಇರ್ತೀನಿ, ಆಯ್ತವಾರ ಬಳಗದಿಂದ ನಿಮಗ ಶಾಲು ಹೊದಸೋ ಕಾರ್ಯಕ್ರಮ ಅದ, ನಿಮ್ಮ ಮೈ ಆರಾಮ ಇರಬೇಕಲ್ರಿ. ಶಾಲು, ಹೌದು, ಅದರ ಅಂಚಿನ ಕೆಳಗೆ ಯಾರಿಗೂ ಕಾಣದಂತೆ ಗಂಟು ಮುಟ್ಟುವುದನ್ನು ಕನ್ನಡಿಯ ಮುಂದೆ ನಾಲ್ಕು ದಿನದಿಂದ ರೂಢಿ ಮಾಡುತ್ತಿದ್ದಾಳೆ, ಅದೂ ನಿಷ್ಠೆಯೆ.

ಉಮಾದೇವಿ ಮಡೆಪ್ಪ, ಎಂದು ಕೂಗಿದರು, ಎದ್ದಳು, ಬಾಗಿಲಿಗೆ ಕದವಿಲ್ಲ, ಹಸಿರು ಪರದೆ, ಪರದೆಯ ಕೆಳಗೆ ಸರಿತಾಳ ಚಪ್ಪಲಿ, ಅದರ ಪಕ್ಕ ಧೂಳಮ್ಮನ ಚಪ್ಪಲಿ, ಇಲ್ಲಿ ಆಡಿದ್ದೆಲ್ಲ ಆ ಎರಡು ಜೋಡಿಗೂ ಕೇಳಿಸುತ್ತದೆ. ಏನ್ ತ್ರಾಸ ಅದ್ರಿ ತಾಯಿ, ಎಂದು ಕೇಳಿದ ಡಾಕ್ಟರು ಮಗಳ ವಯಸ್ಸಿನವರು. ಬಿ.ಪಿ.ರಿ. ನೋಡೋಣಂತ, ಕೈ ಇಡ್ರಿ. ಎಡತೋಳಿಗೆ ಪಟ್ಟಿ ಸುತ್ತಿದರು, ಇನ್ನೊಂದೂ ಮೇಜಿನ ಮ್ಯಾಲ ಇಡ್ರಿ, ಅಲುಗಬ್ಯಾಡ್ರಿ, ಮಾತಾಡಬ್ಯಾಡ್ರಿ — ಇಟ್ಟಳು, ತಾನೇ ಹೆಣೆದ ಸುಳ್ಳು ತನ್ನ ಎರಡೂ ಕೈಗಳನ್ನು ಕಟ್ಟಿಹಾಕಿತು, ಪಟ್ಟಿ ಉಬ್ಬುತ್ತದೆ, ತೋಳು ಬಿಗಿಯುತ್ತದೆ, ಸೆರಗಿನೊಳಗೆ ಗಂಟು ಒಂಟಿಯಾಗಿದೆ, ಯಾರೂ ಕಾಯುತ್ತಿಲ್ಲ, ಸಡಿಲವಾಗುತ್ತಿದೆಯೆ, ಆಗುತ್ತಿದೆ, ಉಸಿರೆಳೆದರೆ ದಾರ ಜಾರುತ್ತದೆ, ಉಸಿರೆಳೆಯಬಾರದು, ಬಲಗೈಯ ಬೆರಳುಗಳು ಮೇಜಿನ ಅಂಚಿಗೆ ತೆವಳುತ್ತವೆ, ಸ್ವಲ್ಪ ತಡೀರಿ ತಾಯಿ, ತಡೆದಳು, ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿತು, ಈಗ ಬೀಳುತ್ತದೆ, ಈಗ, ಕೂಸು ಎರಡೂ ತೋಳು ಚಾಚಿದೆ, ಈಗ — ಪಟ್ಟಿ ಉಸ್ಸೆಂದು ಸಡಿಲವಾಯಿತು, ಬಿಚ್ಚಿದರು, ಕೈ ಬಿಡುಗಡೆಯಾಯಿತು, ಎದೆಗೆ ಹಾರಬೇಕಾದ ಕೈ ಆ ಒಂದು ಕ್ಷಣ ಏಕೋ ಹಾರದೆ ಮೇಜಿನ ಮೇಲೆಯೇ ಉಳಿಯಿತು. ಬಿ.ಪಿ. ಹೆಚ್ಚೇನಿಲ್ರಿ, ಎಂದರು ಡಾಕ್ಟರು, ಆ ಸೀಳಿದ ಬೆರಳುಗಳನ್ನೇ ನೋಡುತ್ತ, ಬ್ಯಾರೆ ಏನಾರ ಅದೇನ್ರಿ? ಪರದೆಯ ಕೆಳಗೆ ಎರಡು ಜೋಡಿ ಚಪ್ಪಲಿ, ಒಂದೂ ಸರಿಯುವುದಿಲ್ಲ, ದನಿ ತನ್ನದಲ್ಲವೆಂಬಂತೆ, ಹೊರಗೆ ಕೇಳುವಷ್ಟು ದೊಡ್ಡದಾಗಿ, ಬೀಳ್ತದಂತ ಅನಸ್ತದ್ರಿ, ಎಂದಳು, ದಿನಾ, ಎಲ್ಲಾ ಹೊತ್ತಿನ್ಯಾಗ, ಬೀಳ್ತದಂತ ಅನಸ್ತದ್ರಿ. ಒಂದು ಜೋಡಿ ಚಪ್ಪಲಿ ಹಿಂದೆ ಸರಿಯಿತು, ಯಾರದೆಂದು ನೋಡಲಿಲ್ಲ. ಏನು ಬೀಳ್ತದ್ರಿ ತಾಯಿ, ಎಂದು ಮೆಲ್ಲಗೆ ಕೇಳಿದರು, ಏನು, ಏನು ಬೀಳುತ್ತದೆ, ಬಚ್ಚಲ ಒದ್ದೆ ಕಲ್ಲಿನ ಮೇಲೆ ತಾಮ್ರದ ಮುಚ್ಚಳ ಅಂಚು ಊರಿ ತಿರುಗುತ್ತದೆ, ಕುಗ್ಗಿ ಕುಗ್ಗಿ, ಸದ್ದು ಏರುತ್ತ, ಬೀಳದೆ, ನಿಲ್ಲದೆ, ಅದರ ಮೇಲೆ ಇನ್ನೂ ಊರದ ತನ್ನದೇ ಅಂಗೈ, ಕೆಳಗೆ ಮುಚ್ಚಳ —