ಚೀಲದ ತೂಕ

ಈ ಸಂಗತಿಯನ್ನು ನಾನು ಮೊದಲು ಕೇಳಿದ್ದು ಮೀನೆಣಿಸುವವನಿಂದ. ಆಮೇಲೆ ಅವನ ಅತ್ತಿಗೆಯಿಂದ. ಇಬ್ಬರ ಹೇಳಿಕೆ ಬೇರೆಯಾಗುವ ಕಡೆ ಅತ್ತಿಗೆಯ ಮಾತನ್ನೇ ಹಿಡಿದಿದ್ದೇನೆ. ಎದೆಯೊಳಗೆ ಅವಲಕ್ಕಿ ಕುಟ್ಟಿಸಿಕೊಂಡು ಮೂರು ದಿನ ಓಡಾಡಿದವಳು ಅವಳು.

ಅದೊಂದು ಸಂಶೋಧನಾ ಕೇಂದ್ರ. ಕೆಲಸಗಾರರು ಐದೇ ಜನ. ಕೆಳಗಿನ ತೊರೆಯಲ್ಲಿ ಟ್ರೌಟ್ ಮೀನುಗಳ ಎಣಿಕೆ; ಮೇಲಿನ ಎರಡು ಶೆಡ್ಡುಗಳಲ್ಲಿ ಗೌಜಲ ಹಕ್ಕಿಮರಿಗಳ ಬೆಳವಣಿಗೆಯ ಪರೀಕ್ಷೆ. ಒಂದು ಶೆಡ್ಡಿಗೆ ಹಳೆಯ ಮೇವು, ಇನ್ನೊಂದಕ್ಕೆ ಎಣ್ಣೆ ಬೆರೆಸಿದ ಹೊಸ ಮೇವು. ಹತ್ತು ವಾರಗಳಿಂದ ಮರಿಗಳನ್ನು ತೂಗುತ್ತಿದ್ದವಳನ್ನು ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಮೀನೆಣಿಸುವವನು ಅವಳ ಮೈದುನ.

ಗೌಜಲ ಮರಿ ತಕ್ಕಡಿಯ ತಟ್ಟೆಯ ಮೇಲೆ ನಿಲ್ಲುವ ಜೀವವಲ್ಲ. ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ತೂಗುಹಾಕಬೇಕು. ಮುಳ್ಳು ತೋರಿಸಿದ್ದರಲ್ಲಿ ಚೀಲದ ಹದಿನೆಂಟು ಗ್ರಾಂ ಕಳೆಯಬೇಕು. ರೋಗ ಹರಡದಿರಲೆಂದು ಶೆಡ್ಡಿಗೊಂದು ಚೀಲ. ತೂಗಿ ಮುಗಿದ ಮೇಲೆ ಚೀಲವನ್ನು ಕೊಡವಿ ಮೊಳೆಗೆ ಸಿಕ್ಕಿಸುವುದು ಅವಳ ರೂಢಿ. ಕಳೆಯುವ ಲೆಕ್ಕ ಮನಸ್ಸಿನಲ್ಲೇ ಆಗುತ್ತಿತ್ತು; ಉಳಿದ ತೂಕವನ್ನಷ್ಟೇ ಪೆನ್ಸಿಲಿನಿಂದ ಪುಸ್ತಕಕ್ಕೆ ಬರೆಯುತ್ತಿದ್ದಳು.

ಆ ಮಂಗಳವಾರ ಹೊಸ ಮೇವಿನ ಶೆಡ್ಡಿನಲ್ಲಿ ಚೀಲದ ದಾರ ಸಿಕ್ಕುಗಟ್ಟಿತ್ತು. ಬಿಡಿಸಲೆಂದು ಖಾಲಿ ಚೀಲವನ್ನು ಕೊಕ್ಕೆಗೆ ಹಾಕಿದಳು. ಮುಳ್ಳು ಇಪ್ಪತ್ತೊಂಬತ್ತಕ್ಕೆ ಹೋಗಿ ನಿಂತಿತು. ತಕ್ಕಡಿ ತಟ್ಟಿದಳು, ಇಪ್ಪತ್ತೊಂಬತ್ತು. ಹಳೆಯ ಮೇವಿನ ಶೆಡ್ಡಿನ ಚೀಲ ತಂದು ಹಾಕಿದಳು, ಹತ್ತೊಂಬತ್ತು. ಎಣ್ಣೆಮೇವು ತಿಂದ ಮರಿಗಳ ಹಿಕ್ಕೆ ಕೊಡವಿದರೆ ಉದುರುವಂಥದ್ದಲ್ಲ. ಬಟ್ಟೆ ಅದನ್ನು ವಾರವಾರವೂ ಕುಡಿದು ಕೊಬ್ಬಿತ್ತು.

ಹೊಸ ಮೇವಿನ ಮರಿಗಳು ಹನ್ನೊಂದು ಗ್ರಾಂ ಹೆಚ್ಚು ಬೆಳೆದಿವೆಯೆಂದು ಕೇಂದ್ರದ ಮುಖ್ಯಸ್ಥೆ ಮೇಡಂ ವರದಿ ಬರೆದು ಮುಗಿಸಿದ್ದರು. ಶುಕ್ರವಾರ ಅದು ಕೇಂದ್ರ ಕಚೇರಿಗೆ ಹೋಗಬೇಕಿತ್ತು. ತೂಕದಕ್ಕನ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸುವ ಕಾಗದಕ್ಕೂ ಅದೇ ದಿನ ಮೇಡಂ ಸಹಿ ಬೀಳಬೇಕಿತ್ತು.

ಅವಳು ತೊರೆಯತ್ತ ಓಡಿದಳು. ಮೈದುನ ಮೊಣಕಾಲುದ್ದ ನೀರಿನಲ್ಲಿ ಬಲೆ ಹಿಡಿದು ನಿಂತಿದ್ದ.

"ಬೆಳೆದದ್ದು ಮರಿ ಅಲ್ಲ ಕಣೋ, ಚೀಲ!"

ವಿಷಯ ಕೇಳಿ ಅವನು ಬಿದ್ದು ಬಿದ್ದು ನಕ್ಕ. "ಹಾಗಾದ್ರೆ ಮೇವು ಚೀಲಕ್ಕೆ ಚೆನ್ನಾಗಿ ಒಗ್ಗಿದೆ ಅಂತ ಬರೀಲಿ, ಅತ್ತಿಗೆ."

"ನಿನಗೆ ಚೆಲ್ಲಾಟ. ನನಗೆ ಕೈಕಾಲೇ ಆಡ್ತಿಲ್ಲ."

"ನೋಡಿ, ನಾನು ನೂರು ಮೀನು ಹಿಡಿದು, ಈಜುರೆಕ್ಕೆ ಚೂರು ಕತ್ತರಿಸಿ ಬಿಡ್ತೀನಿ. ಮತ್ತೆ ಬಲೆ ಹಾಕಿದಾಗ ಗುರುತಿನವು ಎಷ್ಟು ಸಿಕ್ತವೋ ನೋಡ್ಕೊಂಡು, ತೊರೇಲಿ ಇಷ್ಟಿವೆ ಅಂತೀನಿ. ನೂರಿನ್ನೂರು ಹೆಚ್ಚುಕಮ್ಮಿ ಆದ್ರೆ ಯಾವ ಮೀನೂ ಬಂದು ದೂರು ಕೊಡಲ್ಲ. ಸುಮ್ಮನಿದ್ದುಬಿಡಿ."

"ನಿನ್ನದು ಅಂದಾಜು ಅಂತ ಎಲ್ಲರಿಗೂ ಗೊತ್ತು. ನನ್ನದು ತೂಕ ಕಣೋ!"

ಬುಧವಾರ, ಬೇಕೆಂದೇ ಕಳಿಸಿದಂತೆ, ಕೇಂದ್ರ ಕಚೇರಿಯಿಂದ ಉದ್ಯೋಗತೃಪ್ತಿಯ ಪ್ರಶ್ನಾವಳಿ ಬಂತು. ಹೆಸರು ಬರೆಯಕೂಡದು, ತುಂಬಿ ಮೇಡಂ ಕೈಗೆ ಕೊಡಬೇಕು. ಕುರ್ಚಿ ಹೇಗಿದೆ, ರಜೆ ಸಾಕೇ ಎಂದೆಲ್ಲ ಕೇಳಿ, ಹದಿನಾಲ್ಕನೆಯದರಲ್ಲಿ ಹೀಗಿತ್ತು: 'ಕೆಲಸದಲ್ಲಾದ ತಪ್ಪನ್ನು ಮೇಲಿನವರಿಗೆ ತಿಳಿಸಲು ನಿಮಗೆ ಅಂಜಿಕೆಯಾಗುತ್ತದೆಯೇ?' ಏನೂ ಇಲ್ಲವಾದರೆ ಒಂದು, ವಿಪರೀತವಾದರೆ ಐದು. ಮೈದುನ ಓದದೆಯೇ ಎಲ್ಲಕ್ಕೂ ಒಂದನ್ನೇ ಸುತ್ತಿ, ಕೊನೆಯಲ್ಲಿ ಹೊಸ ಗಂಬೂಟು ಬೇಕೆಂದು ಬರೆದ. ತೂಕದಕ್ಕ ಐದನ್ನು ಸುತ್ತಿದಳು, ಅಳಿಸಿದಳು, ಮತ್ತೆ ಸುತ್ತಿದಳು. ಕಾಗದ ಆ ಜಾಗದಲ್ಲಿ ಸವೆದು ಹೋಯಿತು.

ಗುರುವಾರ ಬೆಳಿಗ್ಗೆ ಶೆಡ್ಡಿಗೆ ಬಂದರೆ ಚೀಲ ಬಿಳಿಯಾಗಿ ಹಗ್ಗದ ಮೇಲೆ ಒಣಗುತ್ತಿತ್ತು. ನಾರುತ್ತಿತ್ತು, ಅದಕ್ಕೇ ಒಗೆದೆ ಎಂದು ಮೈದುನ ನನ್ನೆದುರು ಸಾಧಿಸಿದ. ತನ್ನನ್ನು ಉಳಿಸಲೆಂದೇ ಒಗೆದ ಎನ್ನುವುದು ಅತ್ತಿಗೆಯ ಹೇಳಿಕೆ.

"ಅಯ್ಯೋ ಪುಣ್ಯಾತ್ಮ! ಇದ್ದ ಒಂದು ಸಾಕ್ಷೀನೂ ನೀರುಪಾಲು ಮಾಡಿದೆಯಲ್ಲೋ!"

"ಸಾಕ್ಷಿ ಹೋಯ್ತು ಅಂದ್ರೆ ತಪ್ಪೂ ಹೋಯ್ತು. ಇನ್ನು ನೀವಾಗಿ ಬಾಯಿಬಿಟ್ಟರೆ ಮಾತ್ರ."

ಅವನು ತೊರೆಗೆ ಇಳಿದುಹೋದ. ಸ್ವಲ್ಪ ಹೊತ್ತಿಗೆ ಮೇಡಂ ಬಂದರು. ಕೈಯಲ್ಲಿ ಅದೇ ಪ್ರಶ್ನಾವಳಿ.

"ಐದು ಜನ ಇರೋ ಕಡೆ ಹೆಸರು ಬರೀಬೇಡಿ ಅಂದ್ರೇನು, ಬರೀರಿ ಅಂದ್ರೇನು? ನಾಲ್ಕು ಪೆನ್ನಲ್ಲಿವೆ, ಒಂದು ಪೆನ್ಸಿಲಲ್ಲಿ. ಏನಾಗಿದೆ ಹೇಳಿ."

ಏನಿಲ್ಲ, ಸುಮ್ಮನೆ ಸುತ್ತಿದೆ ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತಂತೆ. ಆದರೆ ಅವಳು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

"ಆ ಚೀಲ ಎಲ್ಲಿ?"

"ಒಗೆದಾಗಿದೆ, ಮೇಡಂ."

ಮೇಡಂ ಹಗ್ಗದತ್ತ ನೋಡಿದರು, ಅವಳತ್ತ ನೋಡಿದರು. ನಂಬಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. "ಮರಿಗಳಿವೆಯಲ್ಲ," ಎಂದು ಅಂಗಿಯ ತೋಳು ಮೇಲಕ್ಕೆ ಮಡಚಿದರು.

ಅರವತ್ತು ಮರಿಗಳನ್ನೂ ಮತ್ತೆ ತೂಗಿದರು. ಹಿಡಿದುಕೊಟ್ಟವರು ಮೇಡಂ, ಮಣಿಕಟ್ಟೆಲ್ಲ ಪರಚುಗಾಯ. ಪ್ರತಿ ಮರಿಯ ನಂತರವೂ ಖಾಲಿ ಚೀಲ ತೂಗಿ, ಎರಡನ್ನೂ ಬರೆದರು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಮುಗಿಯಿತು. ಎರಡು ಶೆಡ್ಡುಗಳ ನಡುವಿನ ವ್ಯತ್ಯಾಸ ಒಂದು ಗ್ರಾಂ.

ಮೇಡಂ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕುಸಿದರು. "ಹನ್ನೊಂದು ಅಂತ ಕೇಂದ್ರ ಕಚೇರಿಯವರಿಗೆ ಆಗಲೇ ಬಾಯಿಮಾತಲ್ಲಿ ಹೇಳಿಬಿಟ್ಟಿದ್ದೀನಿ," ಎಂದು ಫೋನು ತೆಗೆದರು. ಹೆಬ್ಬೆರಳು ಗುಂಡಿಯವರೆಗೆ ಹೋಯಿತು, ಹಿಂದಕ್ಕೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು.

"ನನ್ನ ಕಾಗದ, ಮೇಡಂ?" ತೂಕದಕ್ಕನಿಗೆ ಕೇಳದೆ ಇರಲಾಗಲಿಲ್ಲ.

"ನಿಮ್ಮ ಕಾಗದಕ್ಕೆ ಸಹಿ ಹಾಕೋಳು ನಾನು; ಹಾಕ್ತೀನಿ. ನನ್ನ ಕಾಗದಕ್ಕೆ ಹಾಕೋರು ಇವರು," ಎಂದು ಫೋನು ತೋರಿಸಿದರು.

ತೂಕದಕ್ಕ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಮಾಡಿ, ನಾನಿಲ್ಲೇ ಇರ್ತೀನಿ. ತೂಗಿದ್ದು ಯಾರು ಅಂತ ಕೇಳಿದ್ರೆ ನನ್ನ ಕೈಗೆ ಕೊಡಿ."

ಮೇಡಂ ಗುಂಡಿ ಒತ್ತಿದರು. ಮೂರನೆಯ ರಿಂಗಿಗೆ ಆ ಕಡೆಯಿಂದ ಯಾರೋ ಎತ್ತಿ, ಇವರು ಬಾಯಿ ತೆರೆಯುವ ಮೊದಲೇ, ತುಂಬು ಸಂತೋಷದಿಂದ ಅಭಿನಂದನೆ ಹೇಳತೊಡಗಿದರು.