ತಳ ನೆಗ್ಗಿದ ಪಾವು

ನಾನು ಒಂದು ಹಿತ್ತಾಳೆ ಪಾವು. ಅಕ್ಕಿ, ರಾಗಿ, ಹುರುಳಿ ಅಳೆಯುವುದು ನನ್ನ ಕಸುಬು. ನನ್ನಂಥವರು ನಾಲ್ವರು ಸೇರಿದರೆ ಒಂದು ಸೇರು. ಮೊದಲೇ ಹೇಳಿಬಿಡುತ್ತೇನೆ, ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಇದನ್ನು ಓದುತ್ತಿದ್ದೀರಲ್ಲ, ನಿಮ್ಮನ್ನೂ ಅಷ್ಟೆ.

ಏನು ಮಾಡಲಿ, ನಾನು ಹುಟ್ಟಿದ್ದೇ ಅನುಮಾನದ ನಡುವೆ. ನಾಗಮಂಗಲದ ಕಂಚುಗಾರರ ಕೇರಿಯಲ್ಲಿ ವೀರಭದ್ರಾಚಾರಿ ಎಂಬವರು ನನ್ನನ್ನು ಬಡಿದು, ಬೆಸೆದು, ಹುಣಸೆಹಣ್ಣು ಹಾಕಿ ತಿಕ್ಕಿದರು. ಹೊಳಪು ಬಂದ ಮರುದಿನವೇ ಸರ್ಕಾರದ ಮುದ್ರೆಯವನು ಬಂದ. ತನ್ನ ಪಾವಿನಿಂದ ನನ್ನೊಳಗೆ ಮೂರು ಸಲ ಕಾಳು ಸುರಿದು ನೋಡಿ, ಆಮೇಲೆ ಅಂಚಿಗೆ ಮುದ್ರೆ ಒತ್ತಿದ. ಆಚಾರಿಯ ಮೇಲೆ ಅವನಿಗೆ ನಂಬಿಕೆಯಿಲ್ಲ, ಅವನ ಮೇಲೆ ಆಚಾರಿಗೆ ನಂಬಿಕೆಯಿಲ್ಲ. ಆಮೇಲೆ ಒಂದೆರಡು ವರ್ಷ ಮೈಸೂರಿನ ದಿನಸಿ ಅಂಗಡಿಯಲ್ಲಿದ್ದೆ. ಅಲ್ಲಿ ಶೆಟ್ಟರು ಅಳೆಯುವಾಗ ಹೆಬ್ಬೆಟ್ಟನ್ನು ನನ್ನೊಳಗೆ ಇಳಿಬಿಡುತ್ತಿದ್ದರು. "ಹೆಬ್ಬೆಟ್ಟು ಆಚೆ ತೆಗೀರಿ ಶೆಟ್ರೇ, ಅದನ್ನೇನು ಸಾರಿಗೆ ಹಾಕ್ಕೊಳ್ಳಾಣಾ?" ಎಂದು ಹೆಂಗಸರು ಜಗಳಕ್ಕೆ ನಿಲ್ಲುತ್ತಿದ್ದರು. ಹೆಂಗಸರೇನು ಕಡಿಮೆಯೇ? ಗೋಪುರ ಕಟ್ಟಿ ಅಳೆಸಿಕೊಂಡು, ಹೋಗುವಾಗ ಮೇಲೊಂದು ಹಿಡಿ ಕೊಸರು ಬಾಚಿಕೊಳ್ಳುತ್ತಿದ್ದರು. ಮನುಷ್ಯರ ಬಗ್ಗೆ ನಾನು ಕಲಿತದ್ದೆಲ್ಲ ಅಲ್ಲೇ.

ಯುದ್ಧ ಬಂತು. ಮೈಸೂರಿನ ಕಾಲಾಳುಗಳನ್ನು ಸಮುದ್ರದಾಚೆ ಕಳಿಸುತ್ತಾರೆಂದು ಸುದ್ದಿಯಾಯಿತು. ದಂಡಿನವರು ಅಡುಗೆಯ ಸಾಮಾನಿನ ಜೊತೆ ನನ್ನನ್ನೂ ಕೊಂಡರು. ನಾನು ಸಿಕ್ಕಿದ್ದು ಬೋರಲಿಂಗಯ್ಯನ ಕೈಗೆ. ಮಂಡ್ಯದ ಕಡೆ ಹೊಂಬಾಳೆಕೊಪ್ಪಲು ಅವನ ಊರು. ಹೆಂಡತಿ ನಿಂಗಾಜಿ, ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಬಂದೂಕಿಗಿಂತ ಸೌಟು ಚೆನ್ನಾಗಿ ಹಿಡಿಯುತ್ತಾನೆಂದು ಅವನನ್ನು ಉಗ್ರಾಣಕ್ಕೆ ಹಾಕಿದ್ದರು. ಮೊದಲ ದಿನ ಅಳತೆ ಮುಗಿಸಿದವನು ಒಂದು ಹಿಡಿ ಅಕ್ಕಿಯನ್ನು ನನ್ನೊಳಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಮೂಲೆಯಲ್ಲಿಟ್ಟ. ಓಹೋ, ಇವನೂ ಕಳ್ಳನೇ, ಎಲ್ಲರೂ ಮಲಗಿದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಾನೆ ಎಂದುಕೊಂಡೆ.

ಬೆಳಿಗ್ಗೆ ಎದ್ದು ಆ ಹಿಡಿಯನ್ನು ಹಾಗೇ ಅನ್ನದ ಪಾತ್ರೆಗೆ ಸುರಿದ. ಒಂದು ಕಾಳೂ ಕಡಿಮೆಯಾಗಿರಲಿಲ್ಲ, ಕಾಳಿನ ವಿಷಯದಲ್ಲಿ ನನಗೆ ಮೋಸ ಮಾಡಲಾಗದು. ಜೊತೆಯ ಸಿಪಾಯಿ ಇಮಾಮ್ ಸಾಬಿ ಕೇಳಿದ್ದಕ್ಕೆ ಬೋರಲಿಂಗಯ್ಯ ಹೇಳಿದ್ದು ಇಷ್ಟು: "ಅಳಿಯೋ ಪಾವ್ನ ಬರಿದು ಮಡಗ್‌ಬಾರ್ದು ಕಣಣ್ಣ. ನಮ್ಮವ್ವ ಒಂದಿನಾನೂ ಮಡಗ್ನಿಲ್ಲ. ಬರಿದು ಮಡಗಿದ್ರೆ ಲಕ್ಷ್ಮಿ ಎದ್ದೋಯ್ತಾಳೆ."

ಇಮಾಮ್ ನಕ್ಕ. "ನಮ್ಮ ಅಮ್ಮಾನೂ ಹಂಗೇ ಮಾಡ್ತಿದ್ರು ಬೋರಣ್ಣ. ಲಕ್ಷ್ಮಿ ಅಂತಿರ್ಲಿಲ್ಲ, ಬರ್ಕತ್ ಅಂತಿದ್ರು."

ಆದರೂ ನಾನು ನಂಬಲಿಲ್ಲ. ಹೊಟ್ಟೆ ತುಂಬಿರುವಾಗ ಯಾರು ತಾನೇ ಕದಿಯುತ್ತಾರೆ? ಹಸಿವು ಬರಲಿ, ನೋಡೋಣ ಎಂದು ಕಾದೆ.

ಸಿಂಗಾಪುರದಲ್ಲಿ ಹಸಿವು ಬರುವ ಮೊದಲೇ ಬಾಂಬು ಬಂತು. ಅದು ಸಾವಿರದ ಒಂಬೈನೂರ ನಲವತ್ತೆರಡರ ಫೆಬ್ರವರಿ. ಜಪಾನಿನವರು ಮಲಯದ ಕಾಡು ದಾಟಿ, ಕಾಲುವೆಯಂಥ ಸಮುದ್ರ ದಾಟಿ ದ್ವೀಪಕ್ಕೆ ನುಗ್ಗಿದ್ದರು. ಎಣ್ಣೆಯ ತೊಟ್ಟಿಗಳು ಹತ್ತಿ ಉರಿದು, ಹಗಲಲ್ಲೇ ಆಕಾಶ ಕಪ್ಪಾಗಿತ್ತು. ನಮ್ಮ ಅಡುಗೆ ಚಪ್ಪರದ ಪಕ್ಕ ಒಂದು ಗುಂಡು ಸಿಡಿಯಿತು. ಕಬ್ಬಿಣದ ಚೂರೊಂದು ಹಾರಿಬಂದು ನನ್ನ ತಳಕ್ಕೆ ಬಡಿಯಿತು. ನನ್ನ ತಳ ಒಳಕ್ಕೆ ನೆಗ್ಗಿಹೋಯಿತು. ನಾನು ತೂತಾಗಲಿಲ್ಲ, ಆದರೆ ಅಂದಿನಿಂದ ನಾನು ಪಾವಾಗಿ ಉಳಿಯಲಿಲ್ಲ. ಒಂದು ಸಣ್ಣ ಚಮಚದಷ್ಟು ಕಡಿಮೆ ಹಿಡಿಯತೊಡಗಿದೆ. ಬೋರಲಿಂಗಯ್ಯ ಮಸಿ ಒರೆಸಿ, "ಬದುಕ್ಕೊಂಡೆ ಬುಡು" ಎಂದು ಚೀಲಕ್ಕೆ ಹಾಕಿಕೊಂಡ. ತಳ ನೋಡಲಿಲ್ಲ. ಜನ ಸಾಯುತ್ತಿರುವಾಗ ಪಾವಿನ ತಳ ಯಾರು ನೋಡುತ್ತಾರೆ?

ಎಂಟು ದಿನಕ್ಕೆ ದ್ವೀಪ ಶರಣಾಯಿತು. ನಮ್ಮವರನ್ನು ಸಾಲು ಸಾಲಾಗಿ ನಡೆಸಿಕೊಂಡು ಹೋಗುವಾಗ ಒಂದು ಬೀದಿಯಲ್ಲಿ ನಿಲ್ಲಿಸಿದರು. ಎದುರಿಗೆ ಚೀನೀ ಗಂಡಸರ ದೊಡ್ಡ ಸಾಲು. ಅಂಗಡಿಯವರು, ಮೇಷ್ಟ್ರುಗಳು, ಕೂಲಿಯವರು ಎಲ್ಲ ಇದ್ದರು. ತಲೆಗೆ ಗೋಣಿಚೀಲ ಹಾಕಿಕೊಂಡ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ. ಚೀಲಕ್ಕೆ ಕಣ್ಣಿನ ಹತ್ತಿರ ಮಾತ್ರ ಎರಡು ತೂತು. ಒಬ್ಬೊಬ್ಬರೂ ಅವನ ಮುಂದೆ ಹಾಯಬೇಕು. ಅವನು ತಲೆಯಾಡಿಸಿದರೆ ಸಾಕು, ಆ ಮನುಷ್ಯನನ್ನು ಲಾರಿಗೆ ಹತ್ತಿಸುತ್ತಿದ್ದರು. ಲಾರಿಗಳು ಸಮುದ್ರದ ದಂಡೆಗೆ ಹೋಗಿ ಖಾಲಿ ಬರುತ್ತಿದ್ದವು. ದಂಡೆಯ ಕಡೆಯಿಂದ ಬಂದೂಕಿನ ಸದ್ದು ಸಂಜೆವರೆಗೂ ಕೇಳಿತು.

"ಯಾಕೆ ತಲೆ ಆಡಿಸ್ತಾನೆ ಅವ್ನು? ಏನ್ ಮಾಡವ್ರೆ ಅವ್ರು?" ಎಂದು ಬೋರಲಿಂಗಯ್ಯ ಕೇಳಿದ.

"ಏನೂ ಮಾಡಿರಲಿಕ್ಕಿಲ್ಲ. ಅವನಿಗೆ ಅವನ ಜೀವ" ಎಂದರು ಹವಾಲ್ದಾರ್ ಸಿಂಧೆ. ಗೋವಿಂದರಾವ್ ಸಿಂಧೆ ಮೈಸೂರಿನ ಮರಾಠರು, ಗಟ್ಟಿ ಮನುಷ್ಯ, ತಪ್ಪು ಸಹಿಸದವರು. "ನಾನಾಗಿದ್ದರೆ ನಾಲಿಗೆ ಕಚ್ಚಿಕೊಂಡು ಸಾಯುತ್ತಿದ್ದೆ" ಎಂದೂ ಹೇಳಿದರು. ನಾನು ಮನಸ್ಸಿನಲ್ಲೇ, ನೋಡೋಣ ಎಂದುಕೊಂಡೆ.

ವರ್ಷ ಕಳೆದ ಮೇಲೆ ನಮ್ಮವರನ್ನು ಹಡಗಿನ ಹೊಟ್ಟೆಗೆ ತುಂಬಿ ನ್ಯೂ ಗಿನಿ ಎಂಬ ಕಾಡುದ್ವೀಪಕ್ಕೆ ಸಾಗಿಸಿದರು. ಕಾಲು ಚಾಚಲು ಜಾಗವಿರಲಿಲ್ಲ. ಸತ್ತವರನ್ನು ಸಮುದ್ರಕ್ಕೆ ಎಸೆದ ಮೇಲಷ್ಟೇ ಉಳಿದವರು ಕೂರಬಹುದಾಗಿತ್ತು. ಅಲ್ಲಿ ವಿಮಾನದ ಬಯಲು ಮಾಡುವ ಕೆಲಸ. ಮರ ಕಡಿ, ಮಣ್ಣು ಹೊರು, ಬಾಂಬು ಬಿದ್ದರೆ ಗುಂಡಿ ಮುಚ್ಚು. ನಮ್ಮ ಗುಡಾರದ ಸಾಲಿನಲ್ಲಿ ಅರವತ್ತು ಜನ. ವಾರಕ್ಕೊಮ್ಮೆ ಕಾವಲಿನವರು ತಮ್ಮ ಮರದ ಪೆಟ್ಟಿಗೆಯಲ್ಲಿ ಅಳೆದು ಅಕ್ಕಿ ಕೊಡುತ್ತಿದ್ದರು. ಬೋರಲಿಂಗಯ್ಯ ದಿನಕ್ಕೆ ನನ್ನಿಂದ ಇಪ್ಪತ್ತು ಸಲ ಅಳೆದು ಗಂಜಿಗೆ ಹಾಕಬೇಕು. ಅರವತ್ತು ಜೀವ ನಿಂತಿದ್ದದ್ದು ಈ ಇಪ್ಪತ್ತು ಪಾವಿನ ಮೇಲೆ.

ಈಗ ನನ್ನ ಕುತ್ತು ನಿಮಗೆ ತಿಳಿಯಿತಲ್ಲ? ಇಪ್ಪತ್ತು ಸಲವೂ ಒಂದೊಂದು ಚಮಚ ಕಡಿಮೆ. ಗಂಜಿ ಅಷ್ಟು ತೆಳ್ಳಗಾಯಿತು. ವಾರದ ಕೊನೆಗೆ ಚೀಲದಲ್ಲಿ ಮೂರು ಪಾವು ಅಕ್ಕಿ ಮಿಕ್ಕಿತು. ಮೊದಲ ವಾರ ಅದನ್ನು ಕಂಡ ಬೋರಲಿಂಗಯ್ಯ ಚೀಲದ ಮುಂದೆ ಕೂತು ಕೈಮುಗಿದ. "ಬರಿದು ಮಡಗ್ನಿಲ್ಲ, ಅದ್ಕೇ ತಾಯಿ ಕೊಟ್ಲು" ಎಂದ. ಅಯ್ಯೋ ಹುಚ್ಚಪ್ಪಾ, ಕೊಟ್ಟದ್ದು ಲಕ್ಷ್ಮಿಯಲ್ಲ, ನನ್ನ ತಳದ ನೆಗ್ಗು ಎಂದು ಕೂಗಬೇಕೆನಿಸಿತು. ಹಿತ್ತಾಳೆಗೆ ಬಾಯಿಯುಂಟು, ಮಾತಿಲ್ಲ.

ಆ ಮೂರು ಪಾವನ್ನು ಇವನು ತಿನ್ನುತ್ತಾನೆ ಎಂದು ಕಾದೆ. ತಿನ್ನಲಿಲ್ಲ. ಕಾಯಿಲೆಯವರ ಗುಡಾರಕ್ಕೆ ಕೊಂಡೊಯ್ದ. ಅಲ್ಲಿ ಕಾಲು ಊದಿಕೊಂಡು ಮಲಗಿದ್ದ ಇಮಾಮ್ ಸಾಬಿಗೂ ಇನ್ನೂ ಏಳು ಜನಕ್ಕೂ ಗಟ್ಟಿ ಗಂಜಿ ಮಾಡಿ ಕುಡಿಸಿದ. ಕೆಲಸಕ್ಕೆ ಹೋಗದವರಿಗೆ ಅರ್ಧ ಊಟವೇ ಸಾಕೆಂದು ಕಾವಲಿನವರ ಅಪ್ಪಣೆಯಿದ್ದುದರಿಂದ ಕದ್ದು ಕುಡಿಸಬೇಕಾಗಿತ್ತು. ಪ್ರತಿ ವಾರವೂ ಹೀಗೇ ನಡೆಯಿತು. ಅವನ ಪಕ್ಕೆಲುಬು ಎಣಿಸುವಂತಾಗಿತ್ತು. ಆದರೂ ಸಂಜೆ ಹಿಡಿ ಅಕ್ಕಿ ನನ್ನೊಳಗೆ ಹಾಕಿ ಬಟ್ಟೆ ಮುಚ್ಚುವುದು ಬಿಡಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಬಾರಿ ಒಬ್ಬನ ಮೇಲಿನ ಅನುಮಾನ ನನಗೆ ಹೋಯಿತು.

ಉಳಿದವರಿಗೆ ಆಗಷ್ಟೇ ಶುರುವಾಗಿತ್ತು. ಗಂಜಿ ನೀರಾಗಿದೆ ಎಂದರು. ಬೋರಲಿಂಗ ವಾರಕ್ಕೊಮ್ಮೆ ಗಂಟು ಹಿಡಿದು ಎಲ್ಲಿಗೋ ಹೋಗುತ್ತಾನೆ ಎಂದರು. ಹೊಗೆಸೊಪ್ಪಿಗೆ ಮಾರುತ್ತಾನಂತೆ ಎಂದರು. ಒಂದೇ ತಟ್ಟೆಯಲ್ಲಿ ಉಂಡವರು ಒಬ್ಬರ ಬಾಯನ್ನೊಬ್ಬರು ನೋಡುತ್ತ ಅಗಿಯತೊಡಗಿದರು. ಸಿಂಧೆಯವರ ಕಣ್ಣು ಬೋರಲಿಂಗಯ್ಯನ ಹಿಂದೆಯೇ ತಿರುಗುತ್ತಿತ್ತು.

ಒಂದು ಬೆಳಿಗ್ಗೆ ಕಾವಲಿನವರ ಉಗ್ರಾಣದಲ್ಲಿ ಒಂದು ಮೂಟೆ ಅಕ್ಕಿ ಇರಲಿಲ್ಲ. ಯಾರು ಕದ್ದರೋ ನನಗೆ ಇಂದಿಗೂ ತಿಳಿಯದು. ಮಚ್ಚೆಮುಖದ ಅಧಿಕಾರಿಯೊಬ್ಬ ಎದ್ದು ನಿಲ್ಲಬಲ್ಲವರನ್ನೆಲ್ಲ ಬಯಲಲ್ಲಿ ನಿಲ್ಲಿಸಿದ. ದುಭಾಷಿ ಹಿಂದೂಸ್ತಾನಿಯಲ್ಲಿ ಕೂಗಿದ: ಕಳ್ಳನನ್ನು ಒಪ್ಪಿಸಿ, ಇಲ್ಲವಾದರೆ ಹತ್ತು ಜನರ ತಲೆ ಹೋಗುತ್ತದೆ. ಮೊದಲ ಹತ್ತು ಜನರನ್ನು ಎಣಿಸಿ ಮುಂದೆ ತಂದು ಮಂಡಿಯೂರಿಸಿದರು. ಅವರಲ್ಲಿ ಹದಿನೆಂಟು ತುಂಬದ ಹುಡುಗನೊಬ್ಬ ಅವ್ವಾ ಎಂದು ಅಳತೊಡಗಿದ.

ಸಿಂಧೆಯವರು ಸಾಲಿನಿಂದ ಆಚೆ ಬಂದರು. ನೇರವಾಗಿ ಅಡುಗೆ ಗುಡಾರಕ್ಕೆ ನಡೆದು ನನ್ನನ್ನು ಎತ್ತಿಕೊಂಡು ಬಂದು, ಎಲ್ಲರೆದುರು ಬಟ್ಟೆ ಕಿತ್ತರು. ಒಳಗೆ ಒಂದು ಹಿಡಿ ಅಕ್ಕಿಯಿತ್ತು.

"ಇದೇನೋ ಇದು?" ಎಂದು ಗದರಿದರು.

ಬೋರಲಿಂಗಯ್ಯನಿಗೆ ಮೊದಲು ಅರ್ಥವೇ ಆಗಲಿಲ್ಲ. "ಪಾವು ಬರಿದು ಮಡಗ್‌ಬಾರ್ದು ಅಂತ ಸಾರ್... ಎಲ್ಲಾರ ಮನೇಲೂ... ನಿಮ್ಮನೇಲೂ ಮಡಗಾಕಿಲ್ವಾ ಸಾರ್?"

ಸಿಂಧೆಯವರ ಮುಖ ಒಮ್ಮೆಗೇ ಬಿಳಿಚಿಕೊಂಡಿತು. ಮೈಸೂರಿನ ತಮ್ಮ ಅಡುಗೆಮನೆ ಅವರಿಗೆ ನೆನಪಾಗಿರಬೇಕು. ಸಾಲಿನಲ್ಲಿದ್ದವರೆಲ್ಲರೂ ಅಂಥ ಮನೆಗಳಲ್ಲೇ ಹುಟ್ಟಿದವರು. ಒಬ್ಬನಾದರೂ ಹೌದು ಸ್ವಾಮಿ, ಅದು ನಮ್ಮ ಪದ್ಧತಿ ಎನ್ನಬಹುದಿತ್ತು. ಹತ್ತು ಜನ ಮಂಡಿಯೂರಿದ್ದರು, ಯಾರೂ ಎನ್ನಲಿಲ್ಲ. ಸಿಂಧೆಯವರ ಬೆರಳು ಆಗಲೇ ಬೋರಲಿಂಗಯ್ಯನ ಕಡೆ ಎದ್ದಿತ್ತು, ಅದನ್ನು ಅವರು ಇಳಿಸಲೂ ಇಲ್ಲ. ಕಾವಲಿನವರು ಬೋರಲಿಂಗಯ್ಯನ ಕೈ ಹಿಂದಕ್ಕೆ ಕಟ್ಟಿದರು.

"ನಾನು ಕಳ್ಳ ಅಲ್ಲ ಸಾರ್. ನಮ್ ನಿಂಗಾಜಿಗೆ ಅಂಗಂತ ಏಳಿ ಸಾರ್" ಎಂದು ಕೂಗುತ್ತಲೇ ಹೋದ. ತೆಂಗಿನ ಮರಗಳ ಹಿಂದೆ ಕತ್ತಿಯಿಂದ ಅವನ ತಲೆ ಕಡಿದರು. ಹತ್ತು ಜನ ಬದುಕಿದರು.

ಮರುದಿನ ಅಳೆಯುವ ಕೆಲಸ ಸಿಂಧೆಯವರಿಗೇ ಬಂತು. ನನ್ನನ್ನು ತೊಳೆಯಲು ಒಳಗೆ ಕೈ ಹಾಕಿದರು. ಬೆರಳು ತಳದ ಉಬ್ಬಿಗೆ ತಗುಲಿತು. ಮತ್ತೊಮ್ಮೆ ಸವರಿದರು. ಸರಿಯಾಗಿ ಒಂದು ಪಾವು ಹಿಡಿಯುವ ಬೇರೊಂದು ಡಬ್ಬಿಯಲ್ಲಿ ನೀರು ತುಂಬಿ ನನ್ನೊಳಗೆ ಹುಯ್ದು ನೋಡಿದರು. ನೀರು ಅಂಚು ಮೀರಿ ಚೆಲ್ಲಿತು. ಮಿಕ್ಕ ಅಕ್ಕಿ ಎಲ್ಲಿಗೆ ಹೋಗುತ್ತಿತ್ತೆಂದು ಕೇಳಲು, ಅವನ ಗೆಳೆಯನಿದ್ದ ಕಾಯಿಲೆಯ ಗುಡಾರಕ್ಕೆ ಓಡಿದರು. ಇಮಾಮ್ ಸಾಬಿ ಎದ್ದು ಕೂರಲಾರದೆ ಮಲಗಿಕೊಂಡೇ ಹೇಳಿದ: "ನಮ್ಗೇ ತಂದು ಕೊಡ್ತಿದ್ದ ಸಾಬ್. ಒಂದ್ ತುತ್ತೂ ಅವ್ನು ತಿನ್ಲಿಲ್ಲ. ನನ್ನ ಯಾಕೆ ಕೇಳ್ಲಿಲ್ಲ ನೀವು?" ಸಿಂಧೆಯವರು ಅಲ್ಲೇ ಕುಸಿದು, ತಲೆ ಚಚ್ಚಿಕೊಂಡು ಅತ್ತರು.

ಆಮೇಲೆ ಕಲ್ಲಿನಿಂದ ನನ್ನ ತಳ ಬಡಿದು ಸರಿಮಾಡಿದರು. ನಾನು ಮತ್ತೆ ನಿಜವಾದ ಪಾವಾದೆ. ಗಂಜಿ ಗಟ್ಟಿಯಾಯಿತು, ವಾರದ ಕೊನೆಗೆ ಚೀಲದಲ್ಲಿ ಏನೂ ಮಿಗಲಿಲ್ಲ. ಕಾಯಿಲೆಯ ಗುಡಾರಕ್ಕೆ ಕೊಡಲು ಅಕ್ಕಿಯಿಲ್ಲದೆ ಇಮಾಮ್ ಸಾಬಿ ತಿಂಗಳೊಳಗೆ ತೀರಿಕೊಂಡ. ಸರಿಯಾದ ಅಳತೆ ಎಂದು ಹೆಮ್ಮೆ ಪಡುತ್ತಿದ್ದವನು ನಾನು. ಆ ಹೆಮ್ಮೆಗೆ ಬೆಂಕಿ ಬಿತ್ತು.

ಯುದ್ಧ ಮುಗಿದು ಆಸ್ಟ್ರೇಲಿಯಾದವರು ಬಂದಾಗ ಅರವತ್ತರಲ್ಲಿ ಒಂಬತ್ತು ಜನ ಉಳಿದಿದ್ದರು. ಸಿಂಧೆಯವರು ನನ್ನನ್ನು ಊರಿಗೆ ತಂದರು. ಹೊಂಬಾಳೆಕೊಪ್ಪಲಿಗೆ ಹೋಗಲು ಅವರಿಗೆ ಮತ್ತೂ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ವಾಪಸು ಬಂದ ಬೇರೆ ಯಾರೋ ಸುದ್ದಿ ಮುಟ್ಟಿಸಿಯಾಗಿತ್ತು. ಬಾವಿಕಟ್ಟೆಯಲ್ಲಿ ನಿಂಗಾಜಮ್ಮನಿಗೆ ಅಕ್ಕಿಕಳ್ಳನ ಹೆಂಡತಿ ಎಂದು ಹೆಸರು ಬಿದ್ದಿತ್ತು. ಅವಳು ಕೊಡ ಇಟ್ಟರೆ ಪಕ್ಕದವಳು ತನ್ನ ಕೊಡ ಅತ್ತ ಸರಿಸುತ್ತಿದ್ದಳಂತೆ.

ಸಿಂಧೆಯವರು ಜಗಲಿಯಲ್ಲಿ ಕೂತು, ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಎಲ್ಲಾದರೂ ತಮ್ಮ ಬೆರಳಿನ ಮಾತು ನುಂಗುತ್ತಾರೆಂದು ನಾನು ಕಾದಿದ್ದೆ, ನುಂಗಲಿಲ್ಲ. ನಿಂಗಾಜಮ್ಮ ಅಳಲಿಲ್ಲ. ಕೇಳಿ ಮುಗಿಸಿ ಎದ್ದು ನಿಂತಳು.

"ನನ್ನೊಬ್ಳಿಗೆ ಏಳಿದ್ರೆ ಏನ್ ಬಂತು? ನಂಗೆ ಮೊದ್ಲೇ ಗೊತ್ತಿತ್ತು. ಬಾವಿ ತಾವ ಬನ್ನಿ."

ನೀರು ಸೇದುವ ಹೊತ್ತು, ಬಾವಿಕಟ್ಟೆ ತುಂಬಿತ್ತು. ಹವಾಲ್ದಾರರು ಟೋಪಿ ತೆಗೆದು, ನನ್ನನ್ನು ಮೇಲೆತ್ತಿ ಹಿಡಿದು ಹೇಳಿದರು: "ಬೋರಲಿಂಗಯ್ಯ ಕಳ್ಳನಲ್ಲ. ತನ್ನ ಬಾಯಿ ಕಟ್ಟಿ ಎಂಟು ಜನರ ಬಾಯಿಗೆ ಹಾಕಿದವನು. ಅವನನ್ನು ತೋರಿಸಿಕೊಟ್ಟವನು ನಾನು." ಒಬ್ಬ ಮುದುಕಿ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ, ಏನೆಲ್ಲ ಅಂದ್ಬುಟ್ವಲ್ಲೇ ನಿಂಗಾಜಿ" ಎಂದು ಅತ್ತಳು.

ಮನೆಗೆ ಬಂದು ನಿಂಗಾಜಮ್ಮ ಮುದ್ದೆ, ಉಪ್ಸಾರು ಬಡಿಸಿದಳು. ಸಿಂಧೆಯವರು ಮುದ್ದೆಗೆ ಕೈ ಹಾಕಲಿಲ್ಲ.

"ಉಣ್ಣಿ. ಮನೆಗೆ ಬಂದೋರ್ನ ಅಸ್ಕೊಂಡು ಕಳ್ಸಾಕಿಲ್ಲ" ಎಂದಳು. ಅವರು ಉಂಡು ಕೈ ತೊಳೆದ ಮೇಲೆ ಬಾಗಿಲವರೆಗೆ ಬಂದಳು. "ನಿಜ ಏಳಿದ್ರಿ, ನಿಮ್ ಋಣ ಮಡಿಕಳಾಕಿಲ್ಲ, ಉಣ್ಣಿಕ್ಕಿವ್ನಿ. ಇನ್ನೊಂದ್ಸಲ ಈ ಬಾಗಿಲ್ಗೆ ಬರ್ಬ್ಯಾಡಿ." ಅವರು ಕೈಮುಗಿದು ಹೊರಟರು, ಮತ್ತೆ ಬರಲಿಲ್ಲ.

ಅಂದಿನಿಂದ ನಾನು ಹಿತ್ತಿಲಿನಲ್ಲಿದ್ದೇನೆ. ಕೋಳಿಗಳಿಗೆ ನನ್ನಲ್ಲಿ ನೀರಿಡುತ್ತಾಳೆ. ಪಾವು ಸೇರುಗಳ ಕಾಲ ಹೋಗಿ ಕಿಲೋ, ಲೀಟರು ಬಂದಿವೆಯಂತೆ. ಅಂಚಿನ ಮುದ್ರೆ ಹಸಿರುಗಟ್ಟಿದೆ. ಎಲ್ಲರನ್ನೂ ಅನುಮಾನಿಸಿ ಕಾಲ ಕಳೆದೆ. ಅಷ್ಟು ವರ್ಷ ಒಂದೇ ಒಂದು ಸಲವೂ ನನ್ನ ತಳವನ್ನು ನಾನೇ ದೂರಿಕೊಳ್ಳಲಿಲ್ಲ ಎಂಬುದು ಈಗ ಕೊರೆಯುತ್ತದೆ.

ಮೊನ್ನೆ ಪಕ್ಕದ ಮನೆಯ ಸೊಸೆ, ಹೊಸಬಳು, ಹಿತ್ತಿಲಿಗೆ ಬಂದಳು. ನನ್ನನ್ನು ನೋಡಿ, "ಅಜ್ಜಿ, ಎಷ್ಟ್ ಚೆಂದಾಗದೆ ಇತ್ತಾಳೆ ಪಾವು! ಉಳ್ಳಿಕಾಳು ಅಳಿಯಾಕೆ ಕೊಡಿ, ಸಂಜೀಕೆ ತಂದ್ಕೊಡ್ತೀನಿ" ಎಂದು ಕೈ ಚಾಚಿದಳು.

ನಿಂಗಾಜಮ್ಮ ಬಗ್ಗಿ ನನ್ನನ್ನು ಎತ್ತಿಕೊಂಡಳು. ನೀರು ಚೆಲ್ಲಿ, ತಳದ ಮೇಲೆ ಹೆಬ್ಬೆರಳಾಡಿಸಿದಳು.

"ಬ್ಯಾಡ ಮಗ, ನಮ್ಮನೆ ಸೇರು ಕೊಡ್ತೀನಿ, ತಗಂಡೋಗು" ಎಂದಳು. "ಇದ್ರಲ್ಲಿ ಅಳೀಬ್ಯಾಡ. ಇದು ನನ್ ಗಂಡನ್ನ ತಿಂದದೆ."