ಓರೆ ಬೆಳಕಿನ ಗೋಡೆ

“ಅಕ್ಷರಾನೇ ನೆಟ್ಟಗೆ ಬರೆಯೋಕೆ ಬರದೆ ಶಾಲೆ ಬಿಟ್ಟೋನು, ಗೋಡೆ ನೆಟ್ಟಗೆ ಮಾಡ್ತಾನಾ?” ಎಂದು ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಹೇಳಿದ. ಬಣ್ಣ ಬಳಿಯಲು ಬಂದವರು ನಕ್ಕರು. ಗ್ರಂಥಾಲಯದ ಮೇಡಂ ಬೇರೆ ಕಡೆ ನೋಡಿದರು. ಪಡಸಾಲೆಯಲ್ಲಿ ಕೂತಿದ್ದ ಮಕ್ಕಳು ಕತ್ತು ಚಾಚಿದವು. ನನ್ನ ಕಿವಿ ಕಾದ ಕಬ್ಬಿಣವಾಯಿತು.

ಮಕ್ಕಳ ಓದುಕೋಣೆಯ ಗೋಡೆಗೆ, ಬಣ್ಣಕ್ಕೆ ಮುಂಚಿನ ಬಿಳಿ ಪುಟ್ಟಿ ಬಳಿದವನು ನಾನೇ. ಗೋಡೆ ಅಲ್ಲಲ್ಲಿ ಉಬ್ಬಿತ್ತು, ನಿಜ. ಕೆಳಗಿನ ಗಾರೆಯೇ ಡೊಂಕು. ಗಾರೆ ಮಾಡಿದವನು ಮೇಸ್ತ್ರಿಯ ಬಾಮೈದ, ಅವನನ್ನು ಕೇಳುವ ಗಂಡಸು ಯಾರು?

“ಸಂಜೆಯೊಳಗೆ ಉಜ್ಜಿ ಸಮ ಮಾಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ” ಎಂದು ಬಣ್ಣದವರನ್ನು ಕರೆದುಕೊಂಡು ಹೊರಟ.

ಕಿಟಕಿ ಮುಚ್ಚಿ ದೀಪವನ್ನು ಗೋಡೆಗೆ ಒತ್ತಿ ಹಿಡಿದೆ. ಬೆಳಕು ಓರೆಯಾಗಿ ಹರಿದರೆ ಎದುರಿಗೆ ಕಾಣದ ಉಬ್ಬೆಲ್ಲ ನೆರಳು ಚೆಲ್ಲಿ ಸಿಕ್ಕಿಬೀಳುತ್ತದೆ.

“ಪುಟ್ಟಿ ಅಣ್ಣ, ಕಳ್ಳನ್ನ ಹುಡುಕ್ತಿದ್ದೀಯಾ?”

ಬಾಗಿಲಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, ಮೂತಿಯೆಲ್ಲ ಇದ್ದಿಲು. ಮೇಡಂ ಪಡಸಾಲೆಯಲ್ಲಿ ಮಕ್ಕಳಿಂದ ಆದಿಮಾನವರ ಗುಹೆಚಿತ್ರ ಬರೆಸುತ್ತಿದ್ದರು, ಕಂದು ಕಾಗದದ ಮೇಲೆ.

“ಉಬ್ಬು ಹುಡುಕ್ತಿದ್ದೀನಿ. ಹೋಗು.”

“ಉಬ್ಬಲ್ಲ ಅದು, ಹೊಟ್ಟೆ.”

“ಯಾರದು?”

“ಇರು, ತಲೆ ಸಿಗ್ಲಿ.”

ಗೋಡೆ ತಡವುತ್ತ ಹೋಗಿ, ನನ್ನ ಕರಣೆ ಜಾರಿದ ಗೀರಿನ ಬಳಿ ನಿಂತಳು. “ಇದೇ ಕೊಂಬು” ಎಂದು ಇದ್ದಿಲಿನಿಂದ ತಿದ್ದಿದಳು. ಬೈಯಬೇಕೆಂದು ದೀಪ ಹತ್ತಿರ ಹಿಡಿದೆ. ಅಲ್ಲೊಂದು ಹೋರಿ ನಿಂತಿತ್ತು. ದೀಪ ಕೆಳಗಿಳಿಸಿದೆ, ಹೊಟ್ಟೆಯ ನೆರಳು ಹಿಗ್ಗಿತು. ಮೇಲೆತ್ತಿದೆ, ಕುಗ್ಗಿತು.

“ಉಸಿರಾಡ್ತಿದೆ” ಎಂದಳು ಮೆಲ್ಲಗೆ. “ಆಗಿನವರೂ ದೀಪ ಹೀಗೇ ಆಡಿಸ್ತಿದ್ರಾ?”

“ನಾನೇನು ಅಲ್ಲಿದ್ನಾ?” ಎಂದೆನಾದರೂ, ಮುಂದಿನ ಉಬ್ಬಿನಲ್ಲಿ ಏನಿದೆಯೋ ನೋಡುವ ಆಸೆಯನ್ನು ನನಗೇ ತಡೆಯಲಾಗಲಿಲ್ಲ.

ಉಳಿದ ಮಕ್ಕಳೂ ಒಳಗೆ ನುಗ್ಗಿದವು. ಒಬ್ಬನಿಗೆ ಮೊಲ ಸಿಕ್ಕಿತು. ಗುಂಡ ಎನ್ನುವವನು ದೊಡ್ಡ ಉಬ್ಬು ತಟ್ಟಿ, “ಇದು ಮೇಸ್ತ್ರಿ ಹೊಟ್ಟೆ” ಎಂದ.

“ಗುಹೇಲಿ ಮೇಸ್ತ್ರಿ ಇರ್ಲಿಲ್ಲ ಕಣೋ” ಎಂದಳು ಎರಡು ಜಡೆಯವಳು.

“ಅದಕ್ಕೇ ಅವರು ನೆಮ್ಮದಿಯಾಗಿದ್ರು” ಎಂದೆ ನಾನು.

ಗುಹೆಚಿತ್ರಕ್ಕೆಂದು ತಂದಿದ್ದ ಕೆಮ್ಮಣ್ಣನ್ನು ಮಕ್ಕಳು ನೀರಲ್ಲಿ ಕಲಸಿ, ಗೋಡೆಗೆ ಅಂಗೈಯಿಟ್ಟು, ಪೊರಕೆ ಅದ್ದಿ ಸುತ್ತ ಸಿಡಿಸಿದವು. ಕೈ ತೆಗೆದರೆ ಕೈಯಷ್ಟು ಜಾಗ ಬೆಳ್ಳಗೆ. ಗೋಡೆ ಉಜ್ಜುವ ಉಪ್ಪುಕಾಗದ ನನ್ನ ಜೇಬಲ್ಲೇ ಇತ್ತು. ಉಜ್ಜಿದರೆ ಕೆಲಸ ಉಳಿಯುತ್ತದೆ, ಹೋರಿ ಸಾಯುತ್ತದೆ. ಜೇಬಿಗೆ ಕೈ ಹಾಕಲಿಲ್ಲ.

ಸಂಜೆ ಮೇಸ್ತ್ರಿ ಬಣ್ಣದವರೊಂದಿಗೆ ಬಂದ. ಗೋಡೆ ನೋಡಿ ಬಾಯಿ ತೆರೆದ. ಅಷ್ಟರಲ್ಲಿ ಮೇಡಂ, “ಎಷ್ಟು ಚೆನ್ನಾಗಿದೆ ಮೇಸ್ತ್ರಿ, ಈ ಗೋಡೆ ಹೀಗೇ ಇರಲಿ” ಎಂದರು.

ತೆರೆದ ಬಾಯಿ ಹಲ್ಲು ಕಿಸಿಯಿತು. “ಮಕ್ಕಳ ಕೋಣೆ ಅಲ್ವಾ ಮೇಡಂ, ನಾನೇ ಬೇಕಂತ ಉಬ್ಬು ಬಿಡಿಸಿದ್ದು.”

ಬಣ್ಣದವರು ಹೌದೌದೆಂದು ತಲೆಯಾಡಿಸಿದರು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. “ನಾಳೆ ಬೇಗ ಬಾರಪ್ಪ. ಆ ಕಡೆ ಗೋಡೆಗೂ ಹೀಗೇ ಉಬ್ಬು ಬರಿಸ್ತೀಯ ತಾನೆ?”

ಹೆಗಲಿನಿಂದ ಆ ಕೈಯನ್ನು ತೆಗೆದು, ನನ್ನ ಕರಣೆ ಎತ್ತಿಕೊಂಡು, ಮಕ್ಕಳನ್ನು ದಾಟಿ, ಮೆಟ್ಟಿಲಿಳಿದು ನಡೆದೆ.